ಹ್ಯಾಂಡೆಲ್ ಗಿಟಿನ್ಸನ ಪಕ್ಕದ ಕುರ್ಚಿ

ಪಾಂಟ್‌ವೆರ್ನಿನ ಗಂಡಸರ ಗಾಯನ ತಂಡದ ಹಾಡನ್ನು ನನ್ನಷ್ಟು ಸಲ ಕೇಳಿದವನು ಈ ಕಣಿವೆಯಲ್ಲಿ ಇನ್ನೊಬ್ಬನಿಲ್ಲ. ನಾನು ಸಮಾಧಿಕಲ್ಲು ಕೊರೆಯುವವನು; ಊರವರು ಕಲ್ಲು ಎಲ್ವೆಟ್ ಎನ್ನುತ್ತಾರೆ. ನನ್ನ ಕೆಲಸದ ಅಂಗಳ ಸ್ಮಶಾನದ ಗೇಟಿಗೆ ಅಂಟಿಕೊಂಡಿದೆ. ಮೂವತ್ತೆಂಟು ವರ್ಷದಿಂದ ಊರಲ್ಲಿ ಯಾರು ಸತ್ತರೂ ಅವರು ಒಳಗೆ ಗುಂಡಿಯ ಸುತ್ತ ನಿಂತು ಹಾಡುತ್ತಾರೆ, ನಾನು ಇತ್ತ ಉಳಿ ಕೆಳಗಿಟ್ಟು, ಸತ್ತವರ ಮರ್ಯಾದೆಗೆ ಟೋಪಿ ತೆಗೆದು ಕೇಳುತ್ತೇನೆ. ಕೇಳಿ ಹಲ್ಲು ಕಡಿಯುತ್ತೇನೆ.

ಮೂವತ್ತೊಂದು ಜನ. ಎಲ್ಲರಿಗೂ ಕಡುಹಸಿರು ಕೋಟು, ಎದೆಯ ಮೇಲೆ ಹಳದಿ ದಾರದ ಲಾಂಛನ. ಕೋಟು ಹೊಲಿಸಿದ್ದು ಊರಿನ ಕಲ್ಲಿದ್ದಲು ಗಣಿ ಇನ್ನೂ ನಡೆಯುತ್ತಿದ್ದಾಗ. ಆಮೇಲೆ ಗಣಿ ಮುಚ್ಚಿತು, ಹೊಟ್ಟೆಗಳು ಬೆಳೆದವು, ಈಗ ಅರ್ಧಕ್ಕರ್ಧ ಜನರಿಗೆ ಕೋಟಿನ ಗುಂಡಿ ಹಾಕಲು ಆಗುವುದಿಲ್ಲ. ಹಾಡುತ್ತ ಹಾಡುತ್ತ ಇವರ ಕಣ್ಣಲ್ಲಿ ನೀರು ಬರುತ್ತದೆ. ಸತ್ತವನನ್ನು ನೆನೆದು ಅಲ್ಲ, ತಮ್ಮ ದನಿಗೆ ತಾವೇ ಕರಗಿ. ಮೊದಲ ಚರಣದಲ್ಲಿ ಸರಿಯಾಗಿಯೇ ಹೊರಡುತ್ತಾರೆ. ಎರಡನೆಯದರಲ್ಲಿ ಶ್ರುತಿ ಮೆಲ್ಲಗೆ ಜಾರುತ್ತದೆ. ಮೂರನೆಯದರ ಹೊತ್ತಿಗೆ ಅರ್ಧ ಸ್ವರ ಕೆಳಕ್ಕೆ ಬಂದು, ಪೆಟ್ಟಿಗೆಯ ಜೊತೆ ತಾವೂ ಮಣ್ಣಿಗಿಳಿಯುತ್ತಿದ್ದಾರೇನೋ ಎಂಬಂತೆ ಕೇಳುತ್ತದೆ. ಆಮೇಲೆ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಳ್ಳುತ್ತಾರೆ.

ಇದನ್ನು ಹೇಳಲು ನನಗೇನು ಅರ್ಹತೆ ಎಂದು ಕೇಳಬಹುದು. ನನ್ನ ತಾಯಿ ಊರಿನ ಪ್ರಾರ್ಥನಾ ಮಂದಿರವಾದ ಚಾಪೆಲ್ಲಿನಲ್ಲಿ ಆರ್ಗನ್ ಬಾರಿಸುತ್ತಿದ್ದಳು. ಐದು ವರ್ಷದವನಿದ್ದಾಗಲೇ ನಾನು ಕುದಿಯುವ ಕೆಟಲಿನ ಸಿಳ್ಳೆ ಯಾವ ಸ್ವರವೆಂದು ಹೇಳುತ್ತಿದ್ದೆ. ಪರೀಕ್ಷಿಸಲು ಅವಳು ಪಿಯಾನೋದ ಮೇಲೆ ಅದೇ ಸ್ವರವನ್ನು ಒತ್ತುವಳು. ಒಮ್ಮೆಯೂ ತಪ್ಪಿರಲಿಲ್ಲ. ಕಲ್ಲಿನ ಕೆಲಸಕ್ಕೂ ಅದು ಉಪಯೋಗಕ್ಕೆ ಬಂತು: ಸುತ್ತಿಗೆಯಿಂದ ತಟ್ಟಿದಾಗ ಒಳಗೆ ಬಿರುಕಿದ್ದರೆ ನನಗೆ ತಿಳಿಯುತ್ತದೆ.

ನನ್ನ ಹೆಂಡತಿ ನೆಸ್ಟಾಳಿಗೆ ಮಾತ್ರ ಆ ತಂಡವೆಂದರೆ ಪ್ರಾಣ. ಇನ್ನು ಮಾಡುವುದೇನೂ ಇಲ್ಲವೆಂದು ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ, ಜನವರಿಯ ಒಂದು ಮಧ್ಯಾಹ್ನ, ದಿಂಬಿಗೆ ಒರಗಿ ಹೇಳಿದಳು:

"ನಂಗೆ ಅವರೇ ಹಾಡ್ಲಿ, ಎಲ್ವೆಟ್. ಎಲ್ಲಾ ಚರಣಾನೂ ಹಾಡ್ಲಿ. ನೀನು ಏನೂ ಅನ್ಬೇಡ."

"ಮೂರನೇದ್ರಲ್ಲಿ ಮುಳುಗ್ತಾರೆ."

"ಮುಳುಗ್ಲಿ. ಮುಳುಗೋದು ನಾನು ತಾನೆ, ನಿಂಗೇನು?"

ಫೆಬ್ರವರಿಯಲ್ಲಿ ಅವಳನ್ನು ಮಣ್ಣು ಮಾಡಿದೆವು. ಅವರು ಹಾಡಿದರು. ಮೂರನೆಯ ಚರಣದಲ್ಲಿ ಮುಳುಗಿದರು. ಅವತ್ತು ಅರ್ಧವಲ್ಲ, ಪೂರ್ತಿ ಒಂದು ಸ್ವರ. ನಾನು ಅಳಬೇಕಾಗಿದ್ದ ಹೊತ್ತಿನಲ್ಲಿ ಕಿವಿಯೊಳಗೆ ಅಳತೆಗೋಲು ಹಿಡಿದು ನಿಂತಿದ್ದೆ. ಅದಕ್ಕೇ ಅವರನ್ನು ನಾನು ಕ್ಷಮಿಸಲಾರದೆ ಹೋದದ್ದು.

ಆಮೇಲೆ ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ ಚಹಾ ಇತ್ತು. ಹಂದಿಮಾಂಸದ ಸ್ಯಾಂಡ್‌ವಿಚ್ಚು, ಒಣದ್ರಾಕ್ಷಿ ಹಾಕಿ ಕಾವಲಿಯಲ್ಲಿ ಸುಟ್ಟ ಬಿಸ್ಕತ್ತು. ತಂಡವನ್ನು ನಡೆಸುವವರು ಟ್ರೆವರ್ ಬೆಬ್. ಮೂವತ್ತು ವರ್ಷ ಶಾಲೆಯಲ್ಲಿ ಮರಗೆಲಸ ಕಲಿಸಿದವರಾದ್ದರಿಂದ ಊರಿಗೆಲ್ಲ ಮೇಷ್ಟ್ರು. ಅವರು ತಟ್ಟೆ ಹಿಡಿದು ನನ್ನ ಬಳಿ ಬಂದರು.

"ಚೆನ್ನಾಗಿ ಬಂತು ಅಲ್ವಾ, ಎಲ್ವೆಟ್? ನೆಸ್ಟಾಗೆ ಇಷ್ಟ ಆಗಿರೋದು."

"ಒಂದು ಸ್ವರ ಇಳಿದ್ರಿ ಮೇಷ್ಟ್ರೇ."

ಮೇಷ್ಟ್ರ ಕೈಲಿದ್ದ ಸ್ಯಾಂಡ್‌ವಿಚ್ಚು ಬಾಯಿಯ ಬಳಿಯೇ ನಿಂತಿತು.

"ಮೂವತ್ತೆಂಟು ವರ್ಷ ಕೇಳಿದೀನಿ," ಎಂದೆ. "ಸತ್ತವರು ಎದ್ದು ಬಂದು ಹೇಳಲ್ಲ ಅನ್ನೋ ಧೈರ್ಯ ನಿಮಗೆ. ಅವರ ಬದಲಿಗೆ ನಾನು ಹೇಳ್ತಿದೀನಿ."

ಆಗ ಹಿಂದಿನಿಂದ ಹ್ಯಾಂಡೆಲ್ ಗಿಟಿನ್ಸನ ದನಿ ಬಂತು. ಹ್ಯಾಂಡೆಲ್ ತಂಡದ ಹೆಮ್ಮೆ. ಹಾಡಿನ ಹುಚ್ಚಿದ್ದ ಅವನಪ್ಪ ಯಾವುದೋ ಹಳೇ ಕಾಲದ ಸಂಗೀತಗಾರನ ಹೆಸರಿಟ್ಟಿದ್ದ. ಮಗ ಆ ಹೆಸರನ್ನು ಪದಕದ ಹಾಗೆ ಹೊತ್ತು ತಿರುಗುತ್ತಿದ್ದ. ನಲವತ್ತೊಂದು ವರ್ಷದಿಂದ ಏರುದನಿಯವರ ಮೇಲಿನ ಸಾಲಿಗೆ ಮುಂದಾಳು. ಬಿಳಿಗೂದಲನ್ನು ಹಿಂದಕ್ಕೆ ಬಾಚಿ, ಗದ್ದ ಎತ್ತಿ ನಿಲ್ಲುತ್ತಿದ್ದ.

"ಬಿಡಿ ಮೇಷ್ಟ್ರೇ," ಎಂದ. "ಪಾಪ, ದುಃಖ. ಏನು ಮಾತಾಡ್ತಿದೀನಿ ಅಂತ ಅವನಿಗೇ ಗೊತ್ತಿಲ್ಲ."

ಬೈದಿದ್ದರೆ ಸಹಿಸುತ್ತಿದ್ದೆ. ಪಾಪ ಎಂದದ್ದು ಮೈ ಉರಿಸಿತು. "ನಂಗೆ ಚೆನ್ನಾಗಿ ಗೊತ್ತಿದೆ," ಎಂದೆ.

ಮೇಷ್ಟ್ರು ತಟ್ಟೆ ಮೇಜಿನ ಮೇಲಿಟ್ಟರು. "ಅಷ್ಟು ಗೊತ್ತಿದ್ರೆ ಮಂಗಳವಾರ ಏಳು ಗಂಟೆಗೆ ಬಾ. ನೀನೇ ಬಂದು ಶ್ರುತಿ ಎತ್ತಿ ನಿಲ್ಸು, ನೋಡೋಣ."

ಮೂರು ವಾರ ಬಿಟ್ಟು ಒಂದು ಮಂಗಳವಾರ ಹೋದೆ. ಒಂಟಿತನ ತಾಳಲಾರದೆ ಹೋದನೆಂದು ಊರಿನಲ್ಲಿ ಹೇಳಿಕೊಂಡರಂತೆ. ನಾನು ಹೋದದ್ದು ಅವರಿಗೆ ನಾಚಿಕೆಯಾಗಲಿ ಎಂದು.

ಅಭ್ಯಾಸ ಮಂಗಳವಾರ, ಶುಕ್ರವಾರ, ಅದೇ ಹಿಂದಿನ ಕೋಣೆಯಲ್ಲಿ. ಪಿಯಾನೋಗೆ ಮಿಸ್ ಮೊರ್ವಿದ್ ಬೈನನ್. ಅರವತ್ತು ದಾಟಿದ, ಬೆನ್ನು ನೆಟ್ಟಗಿನ, ಮಾತು ಕಡಿಮೆಯ ಹೆಂಗಸು. ಇಪ್ಪತ್ತಾರು ವರ್ಷದಿಂದ ಈ ಗಂಡಸರಿಗಾಗಿ ಬಾರಿಸುತ್ತ, ಅವರ ಕಡೆ ತಿರುಗಿಯೂ ನೋಡದವಳು. ಹೊಸಬರಿಗೆ ಒಂದು ಪರೀಕ್ಷೆ ಇರುತ್ತದೆ. ನಾನು ಗೋಡೆಗೆ ಮುಖ ಮಾಡಿ ನಿಂತು, "ಬಾರಿಸಿ ಮೇಡಂ, ಯಾವ ಸ್ವರ ಅಂತ ಹೇಳ್ತೀನಿ," ಎಂದೆ. ಒಂದು ಒತ್ತಿದಳು, ಹೇಳಿದೆ. ಎರಡು ಒಟ್ಟಿಗೆ ಒತ್ತಿದಳು, ಹೇಳಿದೆ. ಕೊನೆಗೆ ಐದು ಬೆರಳಿಂದ ಕಂಡಕಂಡ ಹಾಗೆ ಒತ್ತಿದಳು, ಐದನ್ನೂ ಹೇಳಿದೆ. ಹಿಂದೆ ಗುಜುಗುಜು ಎದ್ದಿತು. ನನ್ನ ನೆರೆಮನೆಯ ಐವರ್ ಟಕ್, ಬಸ್ ಡ್ರೈವರ್, ತಗ್ಗುದನಿಯವರ ಸಾಲಿನಿಂದ ಕೂಗಿದ: "ನನ್ನ ಬಸ್ಸಿನ ಬ್ರೇಕ್ ಯಾವ ಸ್ವರದಲ್ಲಿ ಕಿರುಚತ್ತೋ, ಎಲ್ವೆಟ್?"

"ನಿನ್ನ ಸಾಲಿಗಿಂತ ಮೇಲೇ ಇದೆ," ಎಂದೆ. ಯಾರೂ ನಗಲಿಲ್ಲ, ಐವರ್ ಒಬ್ಬನೇ ನಕ್ಕ.

"ಈಗ ಹಾಡು," ಎಂದರು ಮೇಷ್ಟ್ರು.

ಏರುತ್ತ ಇಳಿಯುತ್ತ ಎಂಟು ಸ್ವರ ಹಾಡಿದೆ. ಮೇಷ್ಟ್ರು ಮಿಸ್ ಬೈನನ್ ಕಡೆ ನೋಡಿದರು. ಅವಳು ಪಿಯಾನೋ ಮೇಲಿನ ಕಾಗದಗಳನ್ನು ಸರಿಪಡಿಸಿಕೊಳ್ಳುತ್ತಿದ್ದಳು.

"ದನಿ ಇದೆ," ಎಂದರು ಮೇಷ್ಟ್ರು ಕೊನೆಗೆ. "ಮೇಲಿನ ಸಾಲಲ್ಲಿ ಕೂತ್ಕೋ. ಹ್ಯಾಂಡೆಲ್ ಪಕ್ಕ ಖಾಲಿ ಇದೆ."

ಹ್ಯಾಂಡೆಲ್‌ನ ಬಲಗಡೆಯ ಕುರ್ಚಿ. ಅದರಲ್ಲಿ ಕೂರುತ್ತಿದ್ದವನ ಕಲ್ಲನ್ನು ಹಿಂದಿನ ಬೇಸಿಗೆಯಲ್ಲಿ ನಾನೇ ನಿಲ್ಲಿಸಿದ್ದೆ. 'ಈಗ ದೇವದೂತರೊಡನೆ ಹಾಡುತ್ತಿದ್ದಾನೆ' ಎಂದು ಮನೆಯವರು ಕೊರೆಸಿದ್ದರು. ಅವನ ದನಿ ಕೇಳಿದ್ದ ನನಗೆ ದೇವದೂತರ ಬಗ್ಗೆ ಕನಿಕರವಾಗಿತ್ತು.

ಹೊರಗಿನಿಂದ ತಿರಸ್ಕರಿಸುವುದಕ್ಕೂ ಒಳಗೆ ಕೂತು ತಿರಸ್ಕರಿಸುವುದಕ್ಕೂ ವ್ಯತ್ಯಾಸವಿದೆ. ಒಳಗೆ ಕಾರಣಗಳು ಹೆಚ್ಚು ಸಿಗುತ್ತವೆ. ಏಳು ಗಂಟೆಗೆಂದರೆ ಏಳೂಕಾಲಿಗೆ ಶುರು. ಮೊದಲ ಹತ್ತು ನಿಮಿಷ ಸ್ಪರ್ಧೆಗೆ ಹೋಗುವ ಬಸ್ಸಿನಲ್ಲಿ ಯಾರು ಕಿಟಕಿ ಪಕ್ಕ ಎಂಬ ಜಗಳ. ಒಬ್ಬ ಹಲ್ಲಿನ ಸೆಟ್ಟನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿಟ್ಟು ಹಾಡುತ್ತಿದ್ದ. ಇನ್ನೊಬ್ಬ ತನ್ನ ಮನೆಯಲ್ಲಿ ಹೀಟರ್ ಉರಿಸದೆ ಇಲ್ಲಿನ ಶಾಖಕ್ಕಾಗಿಯೇ ಬರುತ್ತಿದ್ದ; ಬಾಯಿ ಆಡಿಸುತ್ತಿದ್ದನೇ ಹೊರತು ದನಿ ಬರುತ್ತಿರಲಿಲ್ಲ. ಎಂಟಕ್ಕೆ ಚಹಾ. ಚಹಾದ ಹೊತ್ತಿಗೆ ಎಲ್ಲರೂ ತಾವು ಹಿಂದೊಮ್ಮೆ ಗೆದ್ದಿದ್ದ ಸ್ಪರ್ಧೆಯ ಮಾತಾಡುತ್ತಿದ್ದರು. ಆ ಗೆಲುವಿಗೆ ಇಪ್ಪತ್ತೆರಡು ವರ್ಷವಾಗಿತ್ತು. ನಡುವಿನ ಇಪ್ಪತ್ತೊಂದು ಸೋಲುಗಳ ಹೆಸರು ಯಾರಿಗೂ ನೆನಪಿರಲಿಲ್ಲ.

ಶ್ರುತಿ ಇಳಿಯುವುದು ಎಲ್ಲಿಂದ ಎಂಬುದು ಎರಡನೆಯ ವಾರದಲ್ಲೇ ಗೊತ್ತಾಯಿತು. ನನ್ನ ಎಡಗಡೆಯಿಂದ. ಹ್ಯಾಂಡೆಲ್ ಗಿಟಿನ್ಸ್ ಮೇಲಿನ ಸ್ವರ ಬಂದಾಗ ಕಣ್ಣು ಮುಚ್ಚುತ್ತಿದ್ದ, ಎದೆ ಉಬ್ಬಿಸುತ್ತಿದ್ದ, ಕೈಯನ್ನು ಸಣ್ಣಗೆ ಎತ್ತುತ್ತಿದ್ದ. ಅಷ್ಟೆಲ್ಲ ಮಾಡಿ ಆ ಸ್ವರದ ಕೆಳಗೇ ಕೂತುಬಿಡುತ್ತಿದ್ದ. ದನಿ ದೊಡ್ಡದು. ಒಂದೊಂದಾಗಿ ಇಡೀ ಸಾಲು ಅವನ ಹಿಂದೆ ಇಳಿಯುತ್ತಿತ್ತು. ಮೇಷ್ಟ್ರು ತಗ್ಗುದನಿಯವರನ್ನು ಬೈಯುತ್ತಿದ್ದರು, ಎರಡನೆಯ ಸಾಲಿನವರನ್ನು ಬೈಯುತ್ತಿದ್ದರು, ಕಿಟಕಿಯಿಂದ ಬರುವ ಗಾಳಿಯನ್ನು ಕೂಡ ಬೈಯುತ್ತಿದ್ದರು. ಹ್ಯಾಂಡೆಲ್‌ಗೆ ಮಾತ್ರ ಒಂದು ಮಾತಿಲ್ಲ. ಇಷ್ಟು ಜನ ಗಂಡಸರು ಒಬ್ಬನ ಬಿಳಿಗೂದಲಿಗೆ ಹೆದರುತ್ತಾರಲ್ಲ ಎಂದು ನನಗೆ ಹೇಸಿಗೆಯಾಗುತ್ತಿತ್ತು.

ಹತ್ತು ವಾರ ಸಹಿಸಿದೆ. ಜೂನ್ ಕೊನೆಗೆ ಕಣಿವೆಗಳ ಸ್ಪರ್ಧೆ ಇತ್ತು. ಮೇ ತಿಂಗಳ ಒಂದು ಮಂಗಳವಾರ ಮೇಷ್ಟ್ರು ಒಂದೇ ಸಾಲನ್ನು ಏಳು ಸಲ ಹಾಡಿಸಿದರು. ಏಳು ಸಲವೂ ಇಳಿಯಿತು.

"ಯಾರದು?" ಎಂದು ಕೋಲನ್ನು ಸ್ಟ್ಯಾಂಡಿಗೆ ಬಡಿದರು. "ಯಾರು ಎಳೀತಿರೋದು? ಐವರ್, ನಿಮ್ಮ ಕಡೇನಾ?"

ಐವರ್ ನೆಲ ನೋಡಿದ. ಎಲ್ಲರೂ ನೆಲ ನೋಡಿದರು. ನಾನು ಎದ್ದು ನಿಂತೆ.

"ಹ್ಯಾಂಡೆಲ್," ಎಂದೆ. "ಹತ್ತು ವಾರದಿಂದ ಪಕ್ಕದಲ್ಲೇ ಕೂತು ಕೇಳ್ತಿದೀನಿ. ಪ್ರತಿ ಮೇಲಿನ ಸ್ವರಕ್ಕೂ ಕೆಳಗೆ ಬೀಳ್ತಾನೆ, ಎಲ್ಲರನ್ನೂ ಕರ್ಕೊಂಡು ಬೀಳ್ತಾನೆ. ನಿಮಗೆ ಅವನಿಗೆ ಹೇಳೋ ಎದೆ ಇಲ್ಲ, ಅದಕ್ಕೆ ಐವರ್‌ನ ಬೈತೀರಿ."

ಹ್ಯಾಂಡೆಲ್ ಮುಖ ನನ್ನ ಕಡೆ ತಿರುಗಿತು, ನಿಧಾನವಾಗಿ, ಯಾರೋ ದೂರದಿಂದ ಕರೆದ ಹಾಗೆ. "ಏನಂದೆ?" ಎಂದ.

ಇನ್ನೂ ಜೋರಾಗಿ ಹೇಳಿದೆ. ಪ್ರತಿ ಮಾತನ್ನೂ ಹೇಳಿದೆ.

ಅವನು ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ತಮ್ಮ ಕೋಲಿನ ತುದಿ ನೋಡುತ್ತಿದ್ದರು. ಒಂದೊಂದೇ ಸಾಲಿನ ಮೇಲೆ ಕಣ್ಣಾಡಿಸಿದ. ಒಬ್ಬನಾದರೂ 'ಸುಳ್ಳು' ಎನ್ನುತ್ತಾನೆಂದು ಕಾದನೇನೋ. ಆಮೇಲೆ ಹಾಡಿನ ಕಾಗದಗಳನ್ನು ಅಂಚು ಸೇರಿಸಿ ಚರ್ಮದ ಚೀಲಕ್ಕೆ ಹಾಕಿ, ಕೋಟಿನ ಗುಂಡಿ ಹಾಕಿಕೊಂಡ. ಅವನ ಕೋಟಿಗೆ ಇನ್ನೂ ಗುಂಡಿ ಹಾಕಲು ಆಗುತ್ತಿತ್ತು. ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡು ಹೋದ.

ಚಾಪೆಲ್ಲಿನಿಂದ ನಮ್ಮ ಬೀದಿಗೆ ಏರುದಾರಿ. ಐವರ್ ಜೊತೆಗಿದ್ದ.

"ಯಾರಾದ್ರೂ ಹೇಳ್ಬೇಕಿತ್ತು," ಎಂದೆ ನಾನು.

"ನಮಗ್ಯಾರಿಗೂ ಗೊತ್ತಿರ್ಲಿಲ್ಲ ಅಂದ್ಕೊಂಡ್ಯಾ?" ಎಂದು ಐವರ್ ನಿಂತ. "ಅವನ ಬಲಗಿವಿ ಹೋಗಿ ಒಂಬತ್ತು ವರ್ಷ ಆಯ್ತು ಕಣಯ್ಯಾ. ಗಣಿ ಎಂಜಿನ್ ಮನೆ ಸದ್ದಲ್ಲಿ ಮೂವತ್ತು ವರ್ಷ ದುಡಿದೋನು. ಎಡಗಿವೀನೂ ಅರ್ಧ ಹೋಗಿದೆ. ತಾನು ಹೇಳ್ಕೊಳ್ಳಲ್ಲ, ನಾವು ಕೇಳಲ್ಲ."

"ಅದಕ್ಕೆ ಊರಿನ ಹೆಣಗಳೆಲ್ಲ ಅಪಸ್ವರ ಕೇಳ್ಬೇಕಾ?"

"ಹೆಣಗಳು ದೂರು ಕೊಟ್ಟಿರ್ಲಿಲ್ಲ. ಕೊಟ್ಟೋನು ನೀನೊಬ್ನೇ." ಗೇಟಿನ ಬಳಿ ಅವನು ತಿರುಗಿ ಹೇಳಿದ, "ಕಲ್ಲು ಅಂತ ನಿಂಗೆ ಹೆಸರಿಟ್ಟೋನು ಸುಮ್ನೆ ಇಟ್ಟಿಲ್ಲ ಬಿಡು."

ಆ ರಾತ್ರಿ ನನಗೆ ಪಶ್ಚಾತ್ತಾಪವೇನೂ ಆಗಲಿಲ್ಲ. ಕರುಣೆಯನ್ನೇ ಸಂಗೀತವೆಂದು ಮಾರುವ ಜನ ಎಂದುಕೊಂಡು ಚೆನ್ನಾಗಿ ನಿದ್ದೆ ಮಾಡಿದೆ. ಇನ್ನು ಮೇಲೆ ಶ್ರುತಿ ನಿಲ್ಲುತ್ತದೆ, ಆಗ ಅವರೇ ಬಂದು ಹೇಳುತ್ತಾರೆ ಎಂದು ನಂಬಿದ್ದೆ.

ಶ್ರುತಿ ನಿಲ್ಲಲಿಲ್ಲ. ಇಳಿಯುವುದೇನೋ ಕಡಿಮೆಯಾಯಿತು, ಆದರೆ ಮೇಲೆ ಏನೋ ಹರಿದ ಹಾಗೆ ಕೇಳತೊಡಗಿತು. ಶುಕ್ರವಾರ ಮೇಷ್ಟ್ರು ಶುರು ಮಾಡಿಸುವುದು, ನಿಲ್ಲಿಸುವುದು, ಮತ್ತೆ ಶುರು ಮಾಡಿಸುವುದು. ಮುಂದಿನ ಮಂಗಳವಾರವೂ ಅದೇ. ಹ್ಯಾಂಡೆಲ್‌ನ ಜೊತೆಗಾರರು ಇಬ್ಬರು ಬರುವುದನ್ನೇ ಬಿಟ್ಟಿದ್ದರು. ಉಳಿದವರಿಗೆ ಹೊಣೆ ತಿಳಿಯದು ಎಂದು ನಾನು ಇನ್ನಷ್ಟು ಗಟ್ಟಿಯಾಗಿ ಹಾಡಿದೆ, ಸರಿಯಾದ ಸ್ವರ ಯಾವುದೆಂದು ಅವರಿಗೆ ಕೇಳಲಿ ಎಂದು. ಚಹಾದ ಹೊತ್ತಿನಲ್ಲಿ ನಾನು ಕೂತ ಬೆಂಚು ಪೂರ್ತಿ ನನ್ನದೇ.

ಅದೇ ವಾರದ ಶುಕ್ರವಾರ ಅಭ್ಯಾಸ ಮುಗಿದು ಎಲ್ಲರೂ ಹೊರಟಾಗ ಮಿಸ್ ಬೈನನ್, "ನೀವು ಸ್ವಲ್ಪ ಇರಿ, ಎಲ್ವೆಟ್," ಎಂದಳು.

ಪಿಯಾನೋದ ಮೇಲೆ ಸಣ್ಣ ಕ್ಯಾಸೆಟ್ ರೆಕಾರ್ಡರ್ ಇತ್ತು. ಅವತ್ತಿನ ಅಭ್ಯಾಸವನ್ನು ಹಿಡಿದಿದ್ದಳು.

"ಕೇಳಿ. ತಪ್ಪೆಲ್ಲಿದೆ ಹೇಳಿ. ನಿಮಗೆ ಗೊತ್ತಾಗತ್ತಲ್ಲ."

ಗುಂಡಿ ಒತ್ತಿದಳು. ತಲೆ ಬಾಗಿಸಿ ಕೇಳಿದೆ. ತಗ್ಗುದನಿ ಪರವಾಗಿಲ್ಲ. ಎರಡನೆಯ ಸಾಲು ಸೋಮಾರಿ. ಮೇಲಿನ ಸಾಲಿನಲ್ಲಿ ಒಂದು ದನಿ ಎಲ್ಲರಿಂದ ಬೇರೆಯಾಗಿ ಚಾಚಿಕೊಂಡಿತ್ತು. ತೆಳ್ಳಗೆ, ಗಡಸಾಗಿ, ಪ್ರತಿ ಸ್ವರವನ್ನೂ ಒಂದು ಕೂದಲೆಳೆ ದಾಟಿ. ಗರಗಸವನ್ನು ತಗಡಿನ ಮೇಲೆ ಎಳೆದ ಹಾಗೆ.

"ಅದೇ," ಎಂದೆ. "ಆ ಮೇಲಿನೋನು. ಏರ್ತಿದಾನೆ. ಇಂಥೋನ್ನ ಯಾರು ಸೇರಿಸ್ಕೊಂಡ್ರು ಮೇಡಂ?"

ಟೇಪು ಓಡುತ್ತಲೇ ಇತ್ತು. ಹಾಡು ನಿಂತು, ಆ ದನಿಯೇ ಗಂಟಲು ಸರಿಮಾಡಿಕೊಂಡು, "ಎರಡನೇ ಸಾಲಿನವರು ನಿದ್ದೆ ಮಾಡ್ತಿದೀರಾ?" ಎಂದಿತು.

ಅವತ್ತು ಸಂಜೆ ಆ ಮಾತು ಹೇಳಿದವನು ನಾನು.

"ಇನ್ನೊಂದ್ಸಲ ಹಾಕಿ," ಎಂದೆ. ಹಾಕಿದಳು. ಮೂರು ಸಲ ಕೇಳಿದೆ. ಬಿರುಕು ಬಿಟ್ಟ ಕಲ್ಲನ್ನು ಎಷ್ಟು ಸಲ ತಟ್ಟಿದರೂ ಸದ್ದು ಬದಲಾಗುವುದಿಲ್ಲ.

"ನಿಮ್ಮ ಕಿವಿ ತುಂಬಾ ಚೆನ್ನಾಗಿದೆ," ಎಂದಳು ಮಿಸ್ ಬೈನನ್. "ನಿಮ್ಮ ಗಂಟಲು ಆ ಕಿವಿಯ ಮಾತು ಕೇಳಲ್ಲ. ಹಾಡುವಾಗ ನಿಮಗೆ ಕೇಳೋದು ಬೇರೆಯವರ ತಪ್ಪು ಮಾತ್ರ. ಹ್ಯಾಂಡೆಲ್ ದೊಡ್ಡ ದನಿ ಪಕ್ಕದಲ್ಲಿದ್ದಾಗ ಮುಚ್ಚಿಹೋಗ್ತಿತ್ತು. ಈಗ ನಿಮ್ಮದೇ ಎದ್ದು ಕಾಣತ್ತೆ."

"ಯಾವಾಗ ಗೊತ್ತಾಯ್ತು ನಿಮಗೆ?"

"ಮೊದಲ್ನೇ ದಿನ. ಎಂಟು ಸ್ವರ ಹಾಡಿದ್ರಲ್ಲ, ಆಗಲೇ."

"ಹೇಳ್ಬಹುದಿತ್ತಲ್ಲ!"

"ಹೆಂಡತಿ ತೀರಿಕೊಂಡು ಮೂರು ವಾರ ಆಗಿತ್ತು ನಿಮಗೆ." ಅವಳು ಪಿಯಾನೋದ ಮುಚ್ಚಳ ಹಾಕಿದಳು. "ಮೇಷ್ಟ್ರು ಕಣ್ಣಲ್ಲೇ ಕೇಳಿದ್ರು, ನಾನು ಬೇಡ ಅನ್ನಲಿಲ್ಲ. ನಿಮಗೆ ಕರುಣೆ ಅಂದ್ರೆ ಆಗಲ್ಲ ಅಂತ ಆಮೇಲೆ ಗೊತ್ತಾಯ್ತು. ಗೊತ್ತಿದ್ದಿದ್ರೆ ಅವತ್ತೇ ಹೇಳಿರ್ತಿದ್ದೆ."

ಅಷ್ಟೂ ಗಂಡಸರೂ ಒಬ್ಬ ಹೆಂಗಸೂ ಹತ್ತು ವಾರ ನನ್ನ ಪಕ್ಕ ಕೂತು, ಕೇಳಿ, ನೆಲ ನೋಡಿದ್ದರು. ಹ್ಯಾಂಡೆಲ್‌ಗೆ ಏನು ಸಿಕ್ಕಿತ್ತೋ ಅದೇ ನನಗೂ ಸಿಕ್ಕಿತ್ತು. ಅವನದನ್ನು ಕಿತ್ತುಕೊಂಡೆ, ನನ್ನದು ನನಗೆ ಕಾಣಿಸಿರಲೇ ಇಲ್ಲ.

ಶನಿವಾರ ಬೆಳಗ್ಗೆ ಹ್ಯಾಂಡೆಲ್‌ನ ಮನೆಗೆ ಹೋದೆ. ಚಾಪೆಲ್ಲಿನ ಎದುರು ಸಾಲಿನಲ್ಲಿ ಮೂರನೆಯ ಮನೆ. ಅವನ ಹೆಂಡತಿ ಕೈನ್ವೆನ್ ಬಾಗಿಲು ತೆರೆದು, ನನ್ನನ್ನು ಕಂಡು ಅರ್ಧ ಮುಚ್ಚಿದಳು.

"ಏನು ಬಂದೆ? ಕಲ್ಲಿಗೆ ಅಳತೆ ತಗೊಳಕ್ಕಾ?"

"ಮಾತಾಡ್ಬೇಕಿತ್ತು, ಕೈನ್ವೆನ್."

"ಮಾತಾಡಿದ್ಯಲ್ಲ, ಎಲ್ಲರ ಮುಂದೆ. ಹನ್ನೊಂದು ದಿನ ಆಯ್ತು, ಮನೇಲಿ ಒಂದು ಸೊಲ್ಲೂ ಎತ್ತಿಲ್ಲ ಅವರು. ಸ್ನಾನದ ಮನೇಲಿ ಹಾಡ್ತಿದ್ದೋರು ನಲ್ಲಿ ಜೋರಾಗಿ ಬಿಟ್ಕೊಂಡು ಕೂತಿರ್ತಾರೆ." ಆಮೇಲೆ ಏನನ್ನಿಸಿತೋ, ಬಾಗಿಲು ಬಿಟ್ಟು ಸರಿದಳು. "ಹಿಂದೆ ಇದಾರೆ. ಎಡಗಡೆ ನಿಂತು ಮಾತಾಡು."

ಹಿತ್ತಲಿನಲ್ಲಿ ಅವನು ಹುರುಳಿಕಾಯಿ ಬಳ್ಳಿಗೆ ಕೋಲು ನೆಡುತ್ತಿದ್ದ. ಎಡಗಡೆ ಹೋಗಿ ನಿಂತೆ. ನೋಡಿದ, ಮತ್ತೆ ಕೋಲಿಗೆ ದಾರ ಸುತ್ತಿದ.

"ನಾನು ಹಾಗೆ ಎಲ್ಲರ ಮುಂದೆ ಹೇಳ್ಬಾರದಿತ್ತು," ಎಂದೆ.

"ನೀನು ಹೇಳಿದ್ದು ಸುಳ್ಳಾ?"

"ಅಲ್ಲ."

"ಮತ್ಯಾಕೆ ಬಂದೆ?"

ನಾನು ಎಷ್ಟೋ ಸಲ ಬೇರೆಯವರ ತಪ್ಪನ್ನು ಸಲೀಸಾಗಿ ಹೇಳಿದವನು. ನನ್ನದನ್ನು ಅವನ ಎಡಗಿವಿಯ ಹತ್ತಿರ ಬಾಗಿ ಹೇಳಿದೆ. "ನಾನೂ ಶ್ರುತಿ ತಪ್ತೀನಿ, ಹ್ಯಾಂಡೆಲ್. ಮೇಲಕ್ಕೆ. ಮಿಸ್ ಬೈನನ್ ಟೇಪ್ ಹಾಕಿ ಕೇಳಿಸಿದ್ರು."

ಅವನ ಕೈಲಿದ್ದ ದಾರ ನಿಂತಿತು. ಭುಜ ಅಲುಗಿತು. ಅಳುತ್ತಿದ್ದಾನೆಂದುಕೊಂಡೆ. ಅವನು ನಗುತ್ತಿದ್ದ. ಕೋಲನ್ನು ಹಿಡಿದುಕೊಂಡು, ಬಿಳಿಗೂದಲೆಲ್ಲ ಮುಖಕ್ಕೆ ಬಿದ್ದು, ಉಸಿರು ಸಿಗದಷ್ಟು ನಕ್ಕ.

"ಟೇಪ್ ಬೇಕಾಯ್ತಾ ನಿಂಗೆ?" ಎಂದ. "ನೀನು ಕೂತಿದ್ದು ನನ್ನ ಸತ್ತ ಕಿವಿ ಕಡೆ. ಆ ಕಿವಿಗೂ ಕೇಳಿಸ್ತಿತ್ತು ಕಣೋ! ಮನೆಗೆ ಬಂದು ಕೈನ್ವೆನ್‌ಗೆ ಹೇಳ್ತಿದ್ದೆ, ಕಲ್ಲು ಎಲ್ವೆಟ್ ಬಾಯಿ ತೆಗೆದ್ರೆ ಸತ್ತ ಕಿವಿ ಎದ್ದು ಕೂರತ್ತೆ ಅಂತ."

"ಮತ್ಯಾಕೆ ನನಗೆ ಹೇಳ್ಲಿಲ್ಲ?"

ನಗು ನಿಂತಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹೊಲಸು ತುಳಿದ ಮೇಲೆ ಜನ ಬೂಟಿನಡಿಯನ್ನು ನೋಡಿಕೊಳ್ಳುವ ಹಾಗೆ.

"ಯಾಕೆ ಹೇಳ್ಬೇಕು? ಹೆಂಡತಿ ಕಳ್ಕೊಂಡೋನು, ಬಂದು ಹಾಡ್ತಿದಾನೆ, ಹಾಡ್ಲಿ ಅಂದ್ಕೊಂಡೆ. ಇದು ನಿಂಗೆ ಅರ್ಥ ಆಗಲ್ಲ."

ವಾಪಸ್ಸು ಬಾ ಎಂದು ಕೇಳಿಕೊಂಡೆ. ನಾನು ಬಿಡುತ್ತೇನೆ, ಆ ಕುರ್ಚಿಯ ಹತ್ತಿರವೂ ಸುಳಿಯುವುದಿಲ್ಲ ಎಂದೆ. ಅವನು ಇನ್ನೊಂದು ಕೋಲನ್ನು ಮಣ್ಣಿಗೆ ಒತ್ತಿದ.

"ನಾನು ಇಳೀತೀನಿ ಅಂತ ನಂಗೆ ಒಂದೊಂದ್ಸಲ ಅನ್ನಿಸ್ತಿತ್ತು. ಆದ್ರೆ ಯಾರಿಗೂ ಗೊತ್ತಿಲ್ಲ ಅಂತ ನಂಬಿದ್ದೆ. ನೀನು ಹೇಳಿದ್ದಕ್ಕಲ್ಲ ನಂಗೆ ಬೇಜಾರು. ಹೇಳಿದಾಗ ನಾನು ಅವರ ಮುಖ ನೋಡ್ದೆ. ಒಬ್ಬನಿಗೂ ಆಶ್ಚರ್ಯ ಆಗಿರ್ಲಿಲ್ಲ. ಒಂಬತ್ತು ವರ್ಷ ಅಷ್ಟೂ ಜನ ನನಗೆ ಪಾಪ ಅಂದ್ಕೊಂಡು ಕೂತಿದ್ರು ಅಂತ ಗೊತ್ತಾದ್ಮೇಲೆ, ಅಲ್ಲಿ ಹೋಗಿ ಹೇಗೆ ಬಾಯಿ ತೆಗೀಲಿ?"

"ನನಗೂ ಹಾಗೇ ಅಂದ್ಕೊಂಡಿದ್ರು."

"ನೀನು ತಾಳ್ಕೋತೀಯ. ನಿಂಗೆ ಅವರು ಯಾರೂ ಲೆಕ್ಕಕ್ಕಿಲ್ಲ. ನನಗೆ ಅವರೇ ಇದ್ದಿದ್ದು." ಅವನು ಸತ್ತ ಕಿವಿ ನನ್ನ ಕಡೆ ಬರುವಂತೆ ತಿರುಗಿಕೊಂಡು ಕೆಲಸ ಮುಂದುವರಿಸಿದ. ನಾನು ಆಮೇಲೆ ಹೇಳಿದ್ದು ಯಾವುದೂ ಅವನಿಗೆ ಕೇಳಿಸಲಿಲ್ಲ, ಇಲ್ಲವೇ ಕೇಳಿಸಿಕೊಳ್ಳಲಿಲ್ಲ.

ಅಲ್ಲಿಂದ ನೇರವಾಗಿ ಮೇಷ್ಟ್ರ ಮನೆಗೆ ಹೋಗಿ, ಇನ್ನು ಮೇಲೆ ಬರುವುದಿಲ್ಲ ಎಂದೆ. ಅವರು ಷೆಡ್ಡಿನಲ್ಲಿ ಕುರ್ಚಿಯ ಕಾಲಿಗೆ ಅಂಟು ಹಚ್ಚುತ್ತಿದ್ದರು.

"ಅವನನ್ನ ಓಡಿಸಿ ಈಗ ನೀನೂ ಓಡ್ತೀಯಾ? ಎಷ್ಟು ಸುಲಭ ನಿಂಗೆ," ಎಂದರು. "ಹಾಡ್ಬೇಡ. ದೇವರಾಣೆ ಹಾಡ್ಬೇಡ. ಕೋಣೆ ಹಿಂದೆ ಗೋಡೆ ಪಕ್ಕ ಕೂತ್ಕೋ. ಎಲ್ಲಿ ಶ್ರುತಿ ಬಿಡತ್ತೋ ಅಲ್ಲಿ ಕೈ ಎತ್ತು. ಯಾವ ಸಾಲು ಅಂತ ಬೆರಳಲ್ಲಿ ತೋರ್ಸು. ಮಾತು ಬೇಡ. ನಿನ್ನ ಮಾತು ಈ ಜನ್ಮಕ್ಕೆ ಸಾಕಾಗಿದೆ ನಂಗೆ."

ಬೇಡವೆನ್ನಲು ನನಗೆ ಮುಖವಿರಲಿಲ್ಲ. ಮಂಗಳವಾರ ಹಿಂದೆ ಹೋಗಿ ಕೂತೆ. ಎರಡನೆಯ ಚರಣದಲ್ಲಿ ಕೈ ಎತ್ತಿದೆ, ಎರಡು ಬೆರಳು ತೋರಿಸಿದೆ. ಎರಡನೆಯ ಸಾಲಿನವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

"ಲೋ, ಪಾಠ ಹೇಳ್ಕೊಡೋ ಹಾಗೆ ಕೈ ಎತ್ಬೇಡ್ವೋ," ಎಂದು ಐವರ್ ಕೂಗಿದ. "ಒಂದಕ್ಕೆ ಹೋಗ್ಬೇಕಾದೋನ ಹಾಗೆ ಎತ್ತು, ನಮಗೂ ಸಮಾಧಾನ ಇರತ್ತೆ."

ಅವತ್ತು ಎಲ್ಲರೂ ನಕ್ಕರು. ಮೇಷ್ಟ್ರು ಮತ್ತೆ ಮೊದಲಿನಿಂದ ಹಾಡಿಸಿದರು.

ಸ್ಪರ್ಧೆಯಲ್ಲಿ ಐದು ತಂಡಗಳಲ್ಲಿ ನಮಗೆ ನಾಲ್ಕನೆಯ ಸ್ಥಾನ. ಕಾರ್ಡಿಫ್‌ನಿಂದ ಬಂದಿದ್ದ ತೀರ್ಪುಗಾರ 'ಪ್ರಾಮಾಣಿಕವಾದ ಹಾಡುಗಾರಿಕೆ' ಎಂದ. ಹೊಗಳಲು ಬೇರೇನೂ ಸಿಗದಿದ್ದಾಗ ಹೇಳುವ ಮಾತದು. ಬಸ್ಸಿನಲ್ಲಿ ನಮ್ಮವರು ಅದನ್ನೇ ಒಬ್ಬರಿಗೊಬ್ಬರು ಹೇಳಿಕೊಂಡು ಉಬ್ಬಿದರು. ಎಷ್ಟು ಬುದ್ಧಿಗೇಡಿಗಳು ಎಂದು ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಆ ಬುದ್ಧಿಗೇಡಿಗಳ ಬಸ್ಸಿನಲ್ಲಿ ನಾನೂ ಇದ್ದೆ, ಕಡುಹಸಿರು ಕೋಟು ಹಾಕಿಕೊಂಡು. ಹಾಡದವನಿಗೂ ಕೋಟು ಬೇಕು ಎಂದು ಮೇಷ್ಟ್ರ ಹಠ.

ಇದಾಗಿ ಮೂರು ವರ್ಷ. ಹ್ಯಾಂಡೆಲ್ ಬರಲಿಲ್ಲ. ಮೇಷ್ಟ್ರು ನಾಲ್ಕು ಸಲ ಹೋಗಿ ಕರೆದರು. ಐವರ್ ಲೆಕ್ಕವಿಲ್ಲದಷ್ಟು ಸಲ ಹೋದ. ಅವನ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ, ನಾನು ಬಿಟ್ಟ ಕುರ್ಚಿಯಲ್ಲಿ ಕೂಡ. ಮೇಲಿನ ಸಾಲಿನ ತುದಿಯಲ್ಲಿ ಎರಡು ಖಾಲಿ ಜಾಗ ಉಳಿದುಕೊಂಡಿದೆ.

ಅವನ ಮನೆ ಚಾಪೆಲ್ಲಿನ ಎದುರೇ ಇರುವುದರಿಂದ, ಕಿಟಕಿ ಮುಚ್ಚಿದರೂ ಹಾಡು ಒಳಕ್ಕೆ ಹೋಗುತ್ತದೆ. ಅದಕ್ಕೇ ಮಂಗಳವಾರ ಮತ್ತು ಶುಕ್ರವಾರ ಆರೂಮುಕ್ಕಾಲಿಗೆ ಕೈನ್ವೆನ್ ಕಾರು ತೆಗೆಯುತ್ತಾಳೆ. ಅವನು ಪಕ್ಕದಲ್ಲಿ ಕೂರುತ್ತಾನೆ. ಮುಂದಿನ ಊರಿನಲ್ಲಿರುವ ಅವಳ ತಂಗಿಯ ಮನೆಗೆ ಹೋಗಿ, ನಾವು ಮುಗಿಸುವವರೆಗೆ ಅಲ್ಲಿ ಚಹಾ ಕುಡಿಯುತ್ತಾರಂತೆ. ನಾನು ಬೇಗ ಬಂದು ಕೋಣೆಯ ಬೀಗ ತೆಗೆಯುವವನಾದ್ದರಿಂದ ಕಾರು ಹೊರಡುವುದನ್ನು ಪ್ರತಿ ಸಲವೂ ನೋಡುತ್ತೇನೆ. ಕೈನ್ವೆನ್ ನನ್ನ ಕಡೆ ನೋಡುವುದಿಲ್ಲ. ಅವನು ನೋಡುತ್ತಾನೆ. ಮುಖ ತಿರುಗಿಸಿಕೊಳ್ಳುವುದೂ ಇಲ್ಲ, ತಲೆ ಆಡಿಸುವುದೂ ಇಲ್ಲ. ಕಾರು ಇಳಿಜಾರಿನಲ್ಲಿ ಮರೆಯಾಗುವವರೆಗೆ ನೋಡುತ್ತಾನೆ, ಅಷ್ಟೇ. ನಾನು ಒಳಗೆ ಹೋಗಿ ಹೀಟರ್ ಹಚ್ಚುತ್ತೇನೆ.